ಧ್ರುವಸಮುದ್ರದ ಹಿಮನಾಳಗಳು: ಒಂದು ಶೋಧನೆಯ ಇತಿಹಾಸ

ಉಪ್ಪುನೀರು ಹೆಪ್ಪುಗಟ್ಟಬಲ್ಲುದೇ ಎಂಬ ಪ್ರಶ್ನೆ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ವಿದ್ವಾಂಸರ ನಡುವೆ ಗಂಭೀರವಾದ ಚರ್ಚೆಗೆ ವಸ್ತುವಾಗಿದ್ದಿತು. ಧ್ರುವಸಮುದ್ರಗಳಲ್ಲಿ ನಾವಿಕರು ಎತ್ತಿಕೊಂಡ ಮಂಜುಗಡ್ಡೆಯನ್ನು ಕರಗಿಸಿದರೆ ಸಿಹಿನೀರು ದೊರೆಯುತ್ತಿದ್ದುದರಿಂದ, ಆ ಮಂಜು ಸಮುದ್ರದಲ್ಲಿ ಹುಟ್ಟಿದುದಲ್ಲ, ನದಿಗಳಿಂದಲೋ ದಡದ ಹಿಮರಾಶಿಯಿಂದಲೋ ಬಂದುದು ಎಂದು ಹಲವರು ನಂಬಿದ್ದರು. ಇದು ಬರಿಯ ಪಂಡಿತರ ಕುತೂಹಲವಾಗಿರಲಿಲ್ಲ. ಸಮುದ್ರವು ಹೆಪ್ಪುಗಟ್ಟುವುದೇ ಇಲ್ಲವಾದರೆ ನೆಲದಿಂದ ದೂರವಾದ ಉತ್ತರಧ್ರುವದ ಸುತ್ತ ತೆರೆದ ನೀರಿರಬೇಕು. ಅಲ್ಲಿಗೆ ಹಡಗು ಹೋಗಬಹುದು. ಧ್ರುವವನ್ನು ಹಡಗಿನಲ್ಲಿ ತಲುಪುವುದು ಸಾಧ್ಯವೆಂದು ಇಂಗ್ಲೆಂಡಿನಲ್ಲಿ ಡೇನ್ಸ್ ಬ್ಯಾರಿಂಗ್ಟನ್ ಎಂಬವರು 1775ರಲ್ಲಿ ಬಲವಾಗಿ ವಾದಿಸಿದರು. ಮರುವರ್ಷ, ಎಂದರೆ 1776ರಲ್ಲಿ, ಲಂಡನ್ನಿನಲ್ಲಿ ವೈಜ್ಞಾನಿಕ ಉಪಕರಣಗಳನ್ನು ತಯಾರಿಸುತ್ತಿದ್ದ ಎಡ್ವರ್ಡ್ ನೇರ್ನ್ ಅವರು ಸಮುದ್ರದ ನೀರನ್ನು ಹೆಪ್ಪುಗಟ್ಟಿಸಿ ನೋಡಿದ ಪ್ರಯೋಗಗಳ ವರದಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನೀರು ಹೆಪ್ಪುಗಟ್ಟಿತು. ಗಡ್ಡೆಗೆ ಅಂಟಿಕೊಂಡಿದ್ದ ಉಪ್ಪುನೀರನ್ನು ತೊಳೆದುಹಾಕಿ ಕರಗಿಸಿದಾಗ ಬಹುಮಟ್ಟಿಗೆ ಸಿಹಿಯಾದ ನೀರೇ ದೊರೆಯಿತು.

ನೇರ್ನ್ ಅವರು ತೊಳೆದು ಚೆಲ್ಲಿದ ಆ ಉಪ್ಪುನೀರೇ ಪ್ರಸ್ತುತ ಲೇಖನದ ವಸ್ತು. ಮಂಜಿನ ಹರಳು ಬೆಳೆಯುವಾಗ ತನ್ನ ರಚನೆಯೊಳಗೆ ಉಪ್ಪಿಗೆ ಎಡೆಗೊಡದೆ ಅದನ್ನು ಹೊರದೂಡುತ್ತದೆ. ಈ ರೀತಿ ಹೊರಬೀಳುವ ಉಪ್ಪಿನ ಮೊತ್ತ ಅಲ್ಪವೇನೂ ಅಲ್ಲ. ಸಾವಿರ ಭಾಗಕ್ಕೆ ಸುಮಾರು 34 ಭಾಗ ಉಪ್ಪುಳ್ಳ ನೀರಿನಿಂದ ಒಂದು ಚಳಿಗಾಲದಲ್ಲಿ ಎರಡು ಮೀಟರು ದಪ್ಪದ ಮಂಜು ಬೆಳೆಯಿತೆನ್ನೋಣ. ಅದರಲ್ಲಿ ಕೊನೆಗೆ ಉಳಿಯುವುದು ಸಾವಿರಕ್ಕೆ ಸುಮಾರು 5 ಭಾಗ ಮಾತ್ರ. ಲೆಕ್ಕ ಹಾಕಿದರೆ ಒಂದೊಂದು ಚದರ ಮೀಟರು ಮಂಜಿನಿಂದಲೂ 50 ಕಿಲೋಗ್ರಾಮಿನಷ್ಟು ಉಪ್ಪು ಕೆಳಗಿನ ಕಡಲಿಗೆ ಇಳಿದಿರಬೇಕೆಂದಾಗುತ್ತದೆ. ಅದು ಇಳಿದುದು ಯಾವ ದಾರಿಯಿಂದ? ಎಲ್ಲೆಡೆಯೂ ಸಮನಾಗಿ ಜಿನುಗಿ ಇಳಿಯಿತೇ, ಅಥವಾ ಗೊತ್ತಾದ ಕಾಲುವೆಗಳಲ್ಲಿ ಧಾರೆಕಟ್ಟಿ ಇಳಿಯಿತೇ? ಧಾರೆಯಾಗಿ ಇಳಿಯುವುದೆಂಬುದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ, ಸಮುದ್ರಹಿಮದ ಅಡಿಮೈಯಿಂದ ನೀರಿನೊಳಕ್ಕೆ ಜೋತುಬಿದ್ದಂತೆ ಬೆಳೆಯುವ ಪೊಳ್ಳಾದ ಮಂಜಿನ ಕೊಳವೆಗಳು. ಈಚಿನ ಇಂಗ್ಲಿಷ್ ಬರಹಗಳಲ್ಲಿ ಇವಕ್ಕೆ ಬ್ರೈನಿಕಲ್ ಎಂಬ ಹೆಸರು ರೂಢಿಗೆ ಬಂದಿದೆ. ನಾವು ಹಿಮನಾಳ ಎಂದು ಕರೆಯಬಹುದು. ನೇರ್ನ್ ಅವರ ಪ್ರಯೋಗಕ್ಕೂ ಹಿಮನಾಳಗಳ ಮೊದಲ ಶಾಸ್ತ್ರೀಯ ವಿವರಣೆಗೂ ನಡುವೆ ಇನ್ನೂರು ವರ್ಷಗಳಿಗೆ ಕೆಲವೇ ವರ್ಷಗಳು ಕಡಿಮೆ. ಇಷ್ಟು ವಿಳಂಬವೇಕಾಯಿತೆಂಬುದನ್ನು ವಿಚಾರಮಾಡುವುದು ಇಲ್ಲಿಯ ಉದ್ದೇಶ.

ಸಮುದ್ರಹಿಮವು ಮೇಲಿನಿಂದ ಬೀಳುವ ಹಿಮದಿಂದಲ್ಲ, ಮುಖ್ಯವಾಗಿ ಕೆಳಮುಖವಾಗಿ ಬೆಳೆಯುವುದೆಂಬುದು ಹತ್ತೊಂಬತ್ತನೆಯ ಶತಮಾನದ ಧ್ರುವಯಾತ್ರಿಕರಿಗೆ ಅನುಭವದಿಂದಲೇ ತಿಳಿದಿದ್ದಿತು. 1872ರಿಂದ 1874ರವರೆಗೆ ಟೆಗೆಟ್‌ಹೋಫ್ ಎಂಬ ಹಡಗಿನಲ್ಲಿ ಮಂಜಿನ ನಡುವೆ ಸಿಕ್ಕಿಬಿದ್ದಿದ್ದ ಆಸ್ಟ್ರಿಯ-ಹಂಗೆರಿಯ ತಂಡದ ನಾಯಕ ಕಾರ್ಲ್ ವೈಪ್ರೆಕ್ಟ್ ಅವರು, ಹಿಂದಿರುಗಿದ ಮೇಲೆ ಧ್ರುವಹಿಮದ ರೂಪಾಂತರಗಳನ್ನು ಕುರಿತೇ ಒಂದು ಗ್ರಂಥವನ್ನು 1879ರಲ್ಲಿ ಪ್ರಕಟಿಸಿದರು. ಇಂಥ ಯಾತ್ರೆಗಳಲ್ಲಿ ದೊರೆತ ದಪ್ಪದ ಅಳತೆಗಳನ್ನು ವಿಯೆನ್ನಾದ ಭೌತವಿಜ್ಞಾನಿ ಯೋಸೆಫ್ ಸ್ಟೆಫಾನ್ ಅವರು ಕೈಗೆತ್ತಿಕೊಂಡರು. ನೀರು ಹೆಪ್ಪುಗಟ್ಟುವಾಗ ಹೊರಬೀಳುವ ಗುಪ್ತೋಷ್ಣವು ಈಗಾಗಲೇ ಬೆಳೆದಿರುವ ಮಂಜಿನ ಮೂಲಕ ಮೇಲಕ್ಕೆ ಹರಿದು ಗಾಳಿಯನ್ನು ಸೇರಬೇಕು; ಮಂಜು ದಪ್ಪವಾದಂತೆಲ್ಲ ಆ ದಾರಿ ಉದ್ದವಾಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಆದುದರಿಂದ ದಪ್ಪದ ವರ್ಗವು ಚಳಿಯ ತೀವ್ರತೆ ಮತ್ತು ಅವಧಿಗಳ ಒಟ್ಟು ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ಅವರು 1889 ಮತ್ತು 1891ರ ಬರಹಗಳಲ್ಲಿ ತೋರಿಸಿಕೊಟ್ಟರು. ಇಂದಿಗೂ ಆ ನಿಯಮ ಪಠ್ಯಪುಸ್ತಕಗಳಲ್ಲಿದೆ.

ಸ್ಟೆಫಾನ್ ನಿಯಮದಲ್ಲಿ ಉಪ್ಪಿಗೆ ಸ್ಥಾನವೇ ಇಲ್ಲ. ಕೆರೆಯ ನೀರಿಗೂ ಕಡಲಿನ ನೀರಿಗೂ ಸೂತ್ರದ ರೂಪ ಒಂದೇ. ಉಪ್ಪನ್ನು ಬಿಟ್ಟರೂ ದಪ್ಪದ ಲೆಕ್ಕ ಸಾಕಷ್ಟು ಸರಿಯಾಗಿ ಬರುತ್ತಿದ್ದುದರಿಂದ, ಉಪ್ಪಿನ ವಿಚಾರ ಬಹುಕಾಲ ಗೌಣವಾಗಿಯೇ ಉಳಿಯಿತೆಂದು ನನಗೆ ತೋರುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಯಾತ್ರಿಕರೆಲ್ಲರೂ ಮಂಜಿನ ಮೇಲೆ ನಿಂತು ಕೆಳಕ್ಕೆ ಕೊರೆದವರು. ಕೆಳಗಿನಿಂದ ಮೇಲಕ್ಕೆ ನೋಡಿದವರು ಒಬ್ಬರೂ ಇರಲಿಲ್ಲ.

ಆದರೆ ಅಡಿಮೈಯಲ್ಲಿ ಕೆರೆಗೂ ಕಡಲಿಗೂ ಇರುವ ಭೇದ ಅಪಾರವಾದುದು. ಸಿಹಿನೀರು ಸುಮಾರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಸಾಂದ್ರವಾಗಿದ್ದು, ಅದಕ್ಕಿಂತ ತಣ್ಣಗಾದ ನೀರು ಮೇಲೆಯೇ ತೇಲಿ ಹೆಪ್ಪುಗಟ್ಟುತ್ತದೆ. ಲವಣಾಂಶವು ಸಾವಿರಕ್ಕೆ 24.7ನ್ನು ಮೀರಿದ ನೀರಿನಲ್ಲಿ ಹಾಗಲ್ಲ. ಹೆಪ್ಪುಗಟ್ಟುವವರೆಗೂ ಅದು ಸಾಂದ್ರವಾಗುತ್ತಲೇ ಹೋಗಿ ಮುಳುಗುತ್ತಲೇ ಇರುತ್ತದೆ. ಕಡಲಿನ ನೀರು ಹೆಪ್ಪುಗಟ್ಟುವುದು ಶೂನ್ಯಕ್ಕಿಂತ 1.9 ಡಿಗ್ರಿಯಷ್ಟು ಕೆಳಗೆ. ಕೆರೆಯ ಮಂಜಿನ ಅಡಿಮೈ ನುಣುಪಾಗಿದ್ದರೆ, ಕಡಲ ಮಂಜಿನ ಅಡಿಮೈ ಒತ್ತೊತ್ತಾಗಿ ನಿಲ್ಲಿಸಿದ ತೆಳ್ಳನೆಯ ಹಲಗೆಗಳಂತೆ, ಒಂದು ಮಿಲಿಮೀಟರಿಗೂ ಕಡಮೆ ಅಂತರದ ಪದರಗಳಾಗಿ ಕೆಳಮುಖವಾಗಿ ಚಾಚಿಕೊಂಡಿರುತ್ತದೆ. ಪದರಗಳ ನಡುವೆ ಉಳಿದ ಉಪ್ಪುನೀರು, ಪದರಗಳು ಕೂಡಿಕೊಂಡಾಗ, ಕಿರುಕೋಶಗಳಲ್ಲಿ ಸೆರೆಯಾಗುತ್ತದೆ. ಮಂಜು ತಣಿದಂತೆ ಆ ಕೋಶಗಳ ನೀರಿನಲ್ಲಿ ಇನ್ನೊಂದು ಭಾಗ ಹೆಪ್ಪುಗಟ್ಟಿ, ಉಳಿದುದು ಮತ್ತಷ್ಟು ಉಪ್ಪಾಗುತ್ತದೆ. ಶೂನ್ಯಕ್ಕೆ 10 ಡಿಗ್ರಿ ಕೆಳಗೆ ಅದರ ಲವಣಾಂಶ ಸಾವಿರಕ್ಕೆ ಸುಮಾರು 140, ಎಂದರೆ ಕಡಲಿನ ನಾಲ್ಕರಷ್ಟು. 20 ಡಿಗ್ರಿ ಕೆಳಗೆ 200ಕ್ಕೂ ಹೆಚ್ಚು. ಹೀಗೆ ಹೊರಗಿನ ಕಡಲಿಗಿಂತ ಎಷ್ಟೋ ತಣ್ಣಗಿರುವ, ಎಷ್ಟೋ ಭಾರವಾದ, ಆದರೂ ದ್ರವವಾಗಿಯೇ ಉಳಿದಿರುವ ಕಡು ಉಪ್ಪುನೀರು ಮಂಜಿನ ಒಡಲಲ್ಲಿ ತುಂಬಿಕೊಂಡಿರುತ್ತದೆ. ಹಿಮನಾಳಕ್ಕೆ ಬೇಕಾದ ಸಾಮಗ್ರಿ ಇದೇ.

ಈ ಉಪ್ಪುನೀರಿನ ಕ್ರಮಬದ್ಧವಾದ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಸ್ವೀಡನ್ನಿನ ಫಿನ್ ಮಾಲ್ಮ್‌ಗ್ರೆನ್ ಎಂದರೆ ತಪ್ಪಾಗಲಾರದು. ಮೌಡ್ ಎಂಬ ಹಡಗಿನಲ್ಲಿ 1922ರಿಂದ 1925ರವರೆಗೆ ಹರಾಲ್ಡ್ ಸ್ವರ್‌ಡ್ರುಪ್ ಅವರ ಸಹಾಯಕರಾಗಿ ಉತ್ತರ ಧ್ರುವಸಮುದ್ರದಲ್ಲಿದ್ದ ಅವರು, ಸಮುದ್ರಹಿಮದ ಗುಣಗಳನ್ನು ಕುರಿತ ಪ್ರಬಂಧವನ್ನು 1927ರಲ್ಲಿ ಪ್ರಕಟಿಸಿದರು. ಮಂಜು ಹಳೆಯದಾದಂತೆ ಅದರ ಉಪ್ಪು ಇಳಿದುಹೋಗುವುದನ್ನು ಅವರು ಪದರಪದರವಾಗಿ ಅಳೆದು ತೋರಿಸಿದರು. ಮರುವರ್ಷವೇ, ಇಟಾಲಿಯಾ ಎಂಬ ವಾಯುನೌಕೆ ಮಂಜಿನ ಮೇಲೆ ಅಪ್ಪಳಿಸಿದ ಅನಾಹುತದಲ್ಲಿ ಗಾಯಗೊಂಡು, ನೆರವನ್ನು ಹುಡುಕಿಕೊಂಡು ಕಾಲ್ನಡಿಗೆಯಲ್ಲಿ ಹೊರಟ ಅವರು, ತಾವು ಅಳೆದು ಅರಿತಿದ್ದ ಅದೇ ಧ್ರುವಹಿಮದ ಮೇಲೆ ತೀರಿಕೊಂಡರು. ಆಗ ಅವರಿಗೆ ವಯಸ್ಸು ಮೂವತ್ತಮೂರು.

ಉಪ್ಪು ಇಳಿಯುವುದೆಂಬುದು ಮಾಲ್ಮ್‌ಗ್ರೆನ್ ಅವರಿಂದ ನಿಶ್ಚಿತವಾಯಿತು; ಹೇಗೆ ಇಳಿಯುವುದೆಂಬುದು ಆಗಲಿಲ್ಲ. 1926ರಲ್ಲಿ ವಿಟ್ಮನ್ ಎಂಬ ಅಮೆರಿಕದ ವಿಜ್ಞಾನಿ ಒಂದು ಚೆಲುವಾದ ವಿವರಣೆಯನ್ನು ಮುಂದಿಟ್ಟಿದ್ದರು. ಚಳಿಗಾಲದಲ್ಲಿ ಮಂಜಿನ ಮೇಲ್ಭಾಗ ತಣ್ಣಗೆ, ಕೆಳಭಾಗ ಬೆಚ್ಚಗೆ. ಆದುದರಿಂದ ಒಂದೊಂದು ಕೋಶದ ಮೇಲಂಚಿನಲ್ಲಿ ಮಂಜು ಕಟ್ಟುತ್ತದೆ, ಕೆಳಂಚಿನಲ್ಲಿ ಕರಗುತ್ತದೆ. ಕೋಶವೇ ಮೆಲ್ಲಮೆಲ್ಲನೆ ಕೆಳಕ್ಕೆ ಸರಿದು ಕಡಲನ್ನು ಸೇರುತ್ತದೆ. ತರ್ಕದಲ್ಲಿ ಇದಕ್ಕೆ ದೋಷವಿಲ್ಲ. ಅಂಥ ಚಲನೆ ಇರುವುದೂ ನಿಜ. ಆದರೆ ಅದರ ವೇಗ ತೀರ ಕಡಮೆಯೆಂದೂ, ಕಂಡುಬರುವ ಉಪ್ಪಿನ ನಷ್ಟವನ್ನು ಅದೊಂದೇ ವಿವರಿಸಲಾರದೆಂದೂ 1960ರ ದಶಕದ ಅಧ್ಯಯನಗಳು, ಅದರಲ್ಲಿಯೂ ನಾರ್ಬರ್ಟ್ ಉಂಟರ್‌ಸ್ಟೈನರ್ ಅವರ 1968ರ ಪ್ರಬಂಧ, ತೋರಿಸಿದುವು. ಅಷ್ಟರಲ್ಲಿ ಬೆನ್ನಿಂಗ್ಟನ್ ಅವರು 1967ರಲ್ಲಿ, ಮಂಜಿನ ತುಂಡುಗಳನ್ನು ಸೀಳಿ ನೋಡಿ, ನೆಟ್ಟಗೆ ಕೆಳಕ್ಕಿಳಿಯುವ ನಾಳಗಳನ್ನೂ, ಎರಡು ಕಡೆಯಿಂದ ಓರೆಯಾಗಿ ಬಂದು ಅವನ್ನು ಸೇರುವ ಕಿರುನಾಳಗಳನ್ನೂ ವರ್ಣಿಸಿದ್ದರು. ಹಳ್ಳಕೊಳ್ಳಗಳು ಹೊಳೆಯನ್ನು ಕೂಡುವಂತೆ ಇವು ಕೂಡುತ್ತವೆ. ಕೆನಡಾದ ಉತ್ತರತೀರದ ಮಂಜನ್ನು ಪರಿಶೀಲಿಸಿದ ಲೇಕ್ ಮತ್ತು ಲೂಯಿಸ್ ಅವರು 1970ರಲ್ಲಿ ಇದನ್ನೇ ಇನ್ನಷ್ಟು ಖಚಿತಪಡಿಸಿದರು. ಉಪ್ಪು ಎಲ್ಲೆಡೆಯಿಂದ ಜಿನುಗುವುದಿಲ್ಲ, ಗೊತ್ತಾದ ಬಾಯಿಗಳಿಂದ ಸುರಿಯುತ್ತದೆ ಎಂಬ ತೀರ್ಮಾನ ಹೀಗೆ ಬಲವಾಯಿತು. ಆ ಬಾಯಿಯ ಕೆಳಗೆ ಏನಾಗುತ್ತದೆಂಬುದನ್ನು ಮಾತ್ರ ನೀರಿಗೆ ಇಳಿದವರೇ ಹೇಳಬೇಕಾಗಿದ್ದಿತು.

ಇಲ್ಲಿ ಕಥೆ ದಕ್ಷಿಣಧ್ರುವದ ಮಕ್‌ಮರ್ಡೊ ಕೊಲ್ಲಿಗೆ ಹೊರಳುತ್ತದೆ. ರಾಸ್ ಸಮುದ್ರದ ಈ ಮೂಲೆಯಲ್ಲಿ ಮಂಜಿನ ಕೆಳಗೆ ವಿಚಿತ್ರವಾದುದೇನೋ ಬೆಳೆಯುತ್ತದೆಂಬ ಸುಳಿವು 1901ರಿಂದ 1904ರವರೆಗಿನ ಡಿಸ್ಕವರಿ ಯಾತ್ರೆಯಲ್ಲಿಯೇ ದೊರೆತಿದ್ದಿತು. ಆ ತಂಡದ ಜೀವವಿಜ್ಞಾನಿ ಹಾಡ್ಜ್‌ಸನ್ ಅವರು ಮಂಜಿನಲ್ಲಿ ಕೊರೆದ ರಂಧ್ರಗಳಿಂದ ಇಳಿಬಿಟ್ಟ ಹಗ್ಗಗಳೂ ಬಲೆಗಳೂ ಹರಳುಗಳನ್ನು ಹೊದ್ದು ಮೇಲಕ್ಕೆ ಬರುತ್ತಿದ್ದುವು. ಮುಂದೆ ಟೆರ್ರಾ ನೋವಾ ಯಾತ್ರೆಯ ರೈಟ್ ಮತ್ತು ಪ್ರೀಸ್ಟ್‌ಲಿ ಅವರು 1922ರಲ್ಲಿ ಹೊರತಂದ ಹಿಮವಿಜ್ಞಾನದ ಸಂಪುಟದಲ್ಲಿ, ಸಮುದ್ರಹಿಮದ ಅಡಿಯಲ್ಲಿ ಸಡಿಲವಾಗಿ ಗುಂಪುಗೂಡುವ ಬಿಲ್ಲೆಯಾಕಾರದ ದೊಡ್ಡ ಹರಳುಗಳನ್ನು ವರ್ಣಿಸಿದರು.

ಈ ಬಿಲ್ಲೆಹಿಮವನ್ನು ಹಿಮನಾಳದೊಡನೆ ಬೆರೆಸಬಾರದು; ಜನಪ್ರಿಯ ಬರಹಗಳಲ್ಲಿ ಇವೆರಡೂ ಪದೇ ಪದೇ ಕಲಬೆರಕೆಯಾಗುವುದರಿಂದ ಇಷ್ಟು ಹೇಳಬೇಕಾಯಿತು. ಬಿಲ್ಲೆಹಿಮಕ್ಕೆ ಕಾರಣ ಉಪ್ಪಲ್ಲ, ಒತ್ತಡ. ನೀರಿನ ಆಳ ಹೆಚ್ಚಿದಂತೆ ಹೆಪ್ಪುಗಟ್ಟುವ ಉಷ್ಣತೆ ಸಾವಿರ ಮೀಟರಿಗೆ ಮುಕ್ಕಾಲು ಡಿಗ್ರಿಯಷ್ಟು ಇಳಿಯುತ್ತದೆ. ತೇಲುವ ಹಿಮಚಾಚಿನ ಆಳವಾದ ಅಡಿಯನ್ನು ತಾಕಿ ಕರಗಿಸಿದ ನೀರು ಅಲ್ಲಿನ ಉಷ್ಣತೆಗೆ ತಣಿಯುತ್ತದೆ. ಅದೇ ನೀರು ಹಗುರವಾಗಿ ಮೇಲೆದ್ದಾಗ ಒತ್ತಡ ಕಡಮೆಯಾಗಿ, ಅದು ಹೆಪ್ಪುಗಟ್ಟಬೇಕಾದುದಕ್ಕಿಂತಲೂ ತಣ್ಣಗಿದ್ದಂತಾಗುತ್ತದೆ. ಆಗ ನೀರಿನ ನಡುವೆಯೇ ಹರಳುಗಳು ಹುಟ್ಟುತ್ತವೆ. ಹಗ್ಗ ಸಿಕ್ಕರೆ ಹಗ್ಗಕ್ಕೆ, ಇಲ್ಲವಾದರೆ ಮೇಲಿನ ಮಂಜಿಗೆ ಅಂಟುತ್ತವೆ. ಈ ಕ್ರಿಯೆಯ ತತ್ತ್ವವನ್ನು ಫೋಲ್ಡ್‌ವಿಕ್ ಮತ್ತು ಕ್ವಿಂಗೆ ಅವರು 1974ರಲ್ಲಿ ವಿಶದಪಡಿಸಿದರು. ಹಾಡ್ಜ್‌ಸನ್ ಅವರ ಹಗ್ಗಕ್ಕೆ ಸರಿಯಾದ ವ್ಯಾಖ್ಯಾನ ದೊರೆಯಲು ಎಪ್ಪತ್ತು ವರ್ಷ ಹಿಡಿಯಿತು.

1960ರ ದಶಕದಲ್ಲಿ ಮಕ್‌ಮರ್ಡೊ ಕೊಲ್ಲಿಯಲ್ಲಿ ಉಸಿರಾಟದ ಸಲಕರಣೆ ಧರಿಸಿದ ಮುಳುಗುಗಾರರು ಮಂಜಿನ ಕೆಳಗೆ ಕ್ರಮವಾಗಿ ಇಳಿಯತೊಡಗಿದರು. ಅವರ ಮುಖ್ಯ ಆಸಕ್ತಿ ಮಂಜಿನಲ್ಲಿರದೆ ಕಡಲ ತಳದ ಜೀವಿಗಳಲ್ಲಿದ್ದಿತೆಂಬುದು ಈ ಇತಿಹಾಸದ ಒಂದು ಸ್ವಾರಸ್ಯ. ಪಾಲ್ ಡೇಟನ್ ಎಂಬ ಜೀವವಿಜ್ಞಾನಿ ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ 1969ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ತಳಕ್ಕೆ ಅಂಟಿ ಬೆಳೆಯುವ ಮಂಜನ್ನು, ಎಂದರೆ ಲಂಗರುಹಿಮವನ್ನು, ಕುರಿತದ್ದು. 33 ಮೀಟರು ಆಳದವರೆಗೆ ಈ ಮಂಜು ಕಲ್ಲನ್ನೂ ಜೀವಿಗಳನ್ನೂ ಹಿಡಿದು ಬೆಳೆಯುತ್ತದೆ. ಸಾಕಷ್ಟು ಬೆಳೆದ ಮೇಲೆ ತೇಲುವ ಗುಣದಿಂದ ತಳವನ್ನು ಬಿಟ್ಟು, ಹಿಡಿದುದನ್ನೆಲ್ಲ ಹೊತ್ತುಕೊಂಡು ಮೇಲಕ್ಕೇರುತ್ತದೆ. 15 ಮೀಟರಿಗಿಂತ ಮೇಲಿನ ತಳದಲ್ಲಿ ನೆಲೆಯೂರಿದ ಪ್ರಾಣಿಗಳು ಇಲ್ಲವೆನ್ನುವಷ್ಟು ವಿರಳ. 33 ಮೀಟರಿನ ಕೆಳಗೆ ಸ್ಪಂಜುಗಳ ಸಮೃದ್ಧಿ. ಕಡಲ ತಳದ ಜೀವಸಮುದಾಯದ ಮೇಲೆ ಮಂಜು ಹೀಗೆ ಗಡಿಗೆರೆಗಳನ್ನು ಎಳೆದಿದೆಯೆಂದು ಅವರು ನಿರೂಪಿಸಿದರು.

ಅದೇ ಕೊಲ್ಲಿಯ ಹಿಮನಾಳಗಳನ್ನು ಕುರಿತು ಆರ್. ಎ. ಪೇಜ್ ಅವರ ಕಿರುಲೇಖನ 1970ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಿತು. 1971ರಲ್ಲಿ ಡೇಟನ್ ಅವರೂ ಸಾಗರವಿಜ್ಞಾನಿ ಸೀಲೀ ಮಾರ್ಟಿನ್ ಅವರೂ ಜೊತೆಗೂಡಿ, ಹಲವು ಮೀಟರು ಉದ್ದದ ನಾಳಗಳ ವಿವರವಾದ ವರ್ಣನೆಯನ್ನು ಕೊಟ್ಟರು. ಈ ಎರಡು ಬರಹಗಳಲ್ಲಿಯೂ ಬಳಕೆಯಾದ ಹೆಸರು ಸ್ಟಾಲಕ್ಟೈಟ್ ಎಂಬುದು. ಸುಣ್ಣಕಲ್ಲಿನ ಗುಹೆಗಳ ಮಾಡಿನಿಂದ ಇಳಿಬಿದ್ದಿರುವ ಕಲ್ಲಿನ ಕೋಲುಗಳಿಗೆ ಆ ಹೆಸರು ಮೊದಲಿನಿಂದ ಸಲ್ಲುತ್ತದೆ. ನೋಟಕ್ಕೆ ಹೋಲಿಕೆ ಸರಿಯಾದುದೇ. ಆದರೆ ಉತ್ಪತ್ತಿಯ ದೃಷ್ಟಿಯಿಂದ ಹೆಸರು ದಾರಿತಪ್ಪಿಸುವಂಥದು ಎಂದು ನನ್ನ ಅಭಿಪ್ರಾಯ. ಗುಹೆಯಲ್ಲಿ ತೊಟ್ಟಿಕ್ಕುವ ನೀರು ತಾನು ಹೊತ್ತುತಂದ ಸುಣ್ಣವನ್ನೇ ಬಿಟ್ಟುಹೋಗುತ್ತದೆ. ಕೋಲು ಆ ನೀರಿನ ಸಾಮಗ್ರಿಯಿಂದಲೇ ಆದದ್ದು. ಹಿಮನಾಳದಲ್ಲಿ ಇಳಿಯುವ ಧಾರೆಯಾದರೋ ತನ್ನದೇನನ್ನೂ ಬಿಡುವುದಿಲ್ಲ. ಅದು ತನ್ನ ಸುತ್ತಲಿನ ನೀರನ್ನು ಮಂಜಾಗಿಸುತ್ತದೆ, ತಾನು ದ್ರವವಾಗಿಯೇ ಹರಿದುಹೋಗುತ್ತದೆ.

ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮಂಜಿನ ನಾಳದಿಂದ ಹೊರಬಿದ್ದ ಕಡು ಉಪ್ಪುನೀರು, ಭಾರವಾದುದರಿಂದ, ಧಾರೆಯಾಗಿ ನೆಟ್ಟಗೆ ಮುಳುಗುತ್ತದೆ. ಅದರ ಸುತ್ತ ಇರುವ ಕಡಲು ಈಗಾಗಲೇ ಹೆಪ್ಪುಗಟ್ಟುವ ಅಂಚಿನಲ್ಲಿದೆ. ಎರಡು ನೀರುಗಳು ತಾಕುವಲ್ಲಿ ಎರಡು ವಿನಿಮಯಗಳು ಏಕಕಾಲದಲ್ಲಿ ಮೊದಲಾಗುತ್ತವೆ: ಕಡಲಿನ ಶಾಖ ಧಾರೆಯೊಳಕ್ಕೆ ಬರಬೇಕು, ಧಾರೆಯ ಉಪ್ಪು ಕಡಲಿಗೆ ಹೋಗಬೇಕು. ಎರಡೂ ಒಂದೇ ವೇಗದಲ್ಲಿ ನಡೆದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ನೀರಿನಲ್ಲಿ ಶಾಖವು ಉಪ್ಪಿಗಿಂತ ನೂರು ಪಟ್ಟಿಗೂ ಮಿಕ್ಕ ಶೀಘ್ರತೆಯಿಂದ ಹರಡುತ್ತದೆ. ಹೀಗಾಗಿ ಸುತ್ತಲಿನ ನೀರು ಉಪ್ಪನ್ನು ಪಡೆಯುವುದಕ್ಕೆ ಮೊದಲೇ ಶಾಖವನ್ನು ಕಳೆದುಕೊಂಡು, ಧಾರೆಯ ಸುತ್ತ ಮಂಜಿನ ತೊಗಟೆಯಾಗಿ ಕಟ್ಟುತ್ತದೆ. ತೊಗಟೆ ಕಟ್ಟಿದ ಮೇಲೆ ಉಪ್ಪು ಹೊರಹೋಗುವ ದಾರಿ ಬದಿಯಲ್ಲಿ ಮುಚ್ಚಿತು. ಶಾಖ ಒಳಬರುವ ದಾರಿ ಮುಚ್ಚಲಿಲ್ಲ. ಧಾರೆ ತುದಿಯವರೆಗೂ ತಣ್ಣಗೆ ಉಳಿದು, ತುದಿಯಲ್ಲಿ ಮತ್ತೆ ಹೊಸ ತೊಗಟೆಯನ್ನು ಕಟ್ಟಿಕೊಳ್ಳುತ್ತ ಕೆಳಗಿಳಿಯುತ್ತದೆ. ಒಳಗಡೆ ಇನ್ನೊಂದು ಕ್ರಿಯೆಯೂ ನಡೆದಿರುತ್ತದೆ. ಇಳಿಯುತ್ತ ಸ್ವಲ್ಪ ಬೆಚ್ಚಗಾದ ಉಪ್ಪುನೀರು ಆ ಉಷ್ಣತೆಗೆ ಇರಬೇಕಾದುದಕ್ಕಿಂತ ಹೆಚ್ಚು ಉಪ್ಪಾಗಿರುವುದರಿಂದ, ನಾಳದ ಒಳಮೈಯನ್ನು ಕರಗಿಸಿಕೊಂಡು ತನ್ನನ್ನು ತೆಳುಮಾಡಿಕೊಳ್ಳುತ್ತದೆ. ಗೋಡೆ ಹೊರಗೆ ಬೆಳೆಯುತ್ತದೆ, ಒಳಗೆ ಸವೆಯುತ್ತದೆ; ನಾಳ ಅಗಲವಾಗುತ್ತ ಹೋಗುತ್ತದೆ. ಧಾರೆಯ ಚಳಿಯೆಲ್ಲ ವೆಚ್ಚವಾದಲ್ಲಿ ಬೆಳವಣಿಗೆ ನಿಲ್ಲುತ್ತದೆ. ಅದಕ್ಕೆ ಮೊದಲೇ ತಳ ಸಿಕ್ಕಿತೆಂದರೆ, ಉಪ್ಪುನೀರು ತಳದ ಇಳಿಜಾರನ್ನು ಹಿಡಿದು ಹರಿದು, ಹರಿದಷ್ಟು ದೂರವೂ ನೆಲದ ಮೇಲೆ ಮಂಜಿನ ಹಾಳೆಯನ್ನು ಹಾಸುತ್ತದೆ.

ಮಾರ್ಟಿನ್ ಅವರು 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ವಿವರಣೆಗೆ ಗಣಿತದ ರೂಪ ಬಂದಿತು. ಪ್ರಯೋಗಶಾಲೆಯಲ್ಲಿ ತಣ್ಣನೆಯ ಉಪ್ಪುನೀರನ್ನು ಕಡಲಿನಷ್ಟು ಉಪ್ಪಾದ ನೀರಿನೊಳಕ್ಕೆ ಇಳಿಬಿಟ್ಟು, ಹಿಮನಾಳಗಳನ್ನು ಕಣ್ಣೆದುರಿನಲ್ಲೇ ಬೆಳೆಸಿ, ಅಳತೆಗಳನ್ನು ಲೆಕ್ಕದೊಡನೆ ಹೋಲಿಸಲಾಯಿತು. ಮರುವರ್ಷ ಐಡೆ ಅವರೊಡನೆ ನಡೆಸಿದ ಪ್ರಯೋಗ ಇದಕ್ಕಿಂತಲೂ ಬೋಧಪ್ರದವಾದುದು. ಪಾರದರ್ಶಕವಾದ ಎರಡು ಹಲಗೆಗಳ ನಡುವಿನ ಕಿರಿದಾದ ಎಡೆಯಲ್ಲಿ ಸಮುದ್ರಹಿಮವನ್ನು ಬೆಳೆಸಿ ನೋಡಿದಾಗ, ನಾಳಗಳ ಬಾಯಿಯಲ್ಲಿ ಉಪ್ಪುನೀರು ಕೆಳಗಿಳಿಯುವುದು ಮಾತ್ರವಲ್ಲದೆ, ಕಡಲಿನ ನೀರು ಆಗಾಗ ಮೇಲಕ್ಕೆ ನುಗ್ಗುವುದೂ ಕಂಡಿತು. ಮಂಜು ಉಸಿರಾಡುತ್ತದೆಂದರೆ ಅತಿಶಯೋಕ್ತಿಯಾದೀತು. ಆದರೆ ವಿಟ್ಮನ್ ಅವರು ಊಹಿಸಿದ್ದ, ಮುಚ್ಚಿದ ಕೋಶಗಳ ಮಂದವಾದ ಚಲನೆಯಿಂದ ಇದು ಎಷ್ಟು ದೂರವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇದಾದ ಮೇಲೆ ಮೂರೂವರೆ ದಶಕಗಳ ಕಾಲ ಹಿಮನಾಳವು ತಜ್ಞರ ವಲಯದಲ್ಲಿಯೇ ಉಳಿಯಿತು. 2011ರಲ್ಲಿ ಬಿಬಿಸಿ ಸಂಸ್ಥೆಯ ಫ್ರೋಜನ್ ಪ್ಲಾನೆಟ್ ಎಂಬ ಮಾಲಿಕೆಗಾಗಿ ಹ್ಯೂ ಮಿಲ್ಲರ್ ಮತ್ತು ಡಗ್ ಆಂಡರ್ಸನ್ ಅವರು ಲಿಟಲ್ ರೇಜರ್‌ಬ್ಯಾಕ್ ದ್ವೀಪದ ಬಳಿ ಮಂಜಿನ ಕೆಳಗೆ ಕ್ಯಾಮೆರಾಗಳನ್ನಿಟ್ಟು, ನಾಳವೊಂದು ಬೆಳೆದು ತಳವನ್ನು ಮುಟ್ಟಿ, ಅಲ್ಲಿಯ ನಕ್ಷತ್ರಮೀನುಗಳನ್ನು ಮಂಜಿನಲ್ಲಿ ಹುದುಗಿಸಿದುದನ್ನು ಚಿತ್ರೀಕರಿಸಿದರು. ಬೆಳೆಯುತ್ತಿರುವ ಹಿಮನಾಳವು ಚಲನಚಿತ್ರದಲ್ಲಿ ಸೆರೆಯಾದುದು ಅದೇ ಮೊದಲು. ಚಿತ್ರ ಅಸಾಧಾರಣವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಹಿಂದೆಯೇ ಎರಡು ತಪ್ಪುತಿಳಿವಳಿಕೆಗಳೂ ಹಬ್ಬಿದುವು. ಹಿಮನಾಳವನ್ನು ಆಗ ತಾನೇ ಕಂಡುಹಿಡಿದರೆಂಬುದು ಮೊದಲನೆಯದು. ಇದಕ್ಕೆ ಮೇಲಿನ ಇತಿಹಾಸವೇ ಉತ್ತರ. ಸಾವಿನ ಬೆರಳು ಎಂಬ ಅಡ್ಡಹೆಸರಿನಿಂದ ಹುಟ್ಟಿದುದು ಎರಡನೆಯದು: ಮಂಜಿನ ಕೆಳಗಿನ ಜೀವಿಗಳಿಗೆ ಮುಖ್ಯ ಶತ್ರು ಈ ನಾಳವೇ ಎಂಬ ಭಾವನೆ. ನಾಳ ಮುಟ್ಟುವ ತಳದ ವಿಸ್ತಾರ ಅತ್ಯಲ್ಪ. ತೀರದುದ್ದಕ್ಕೂ ಜೀವಿಗಳ ನೆಲೆಯನ್ನೇ ನಿರ್ಧರಿಸುವುದು, ಡೇಟನ್ ಅವರು ತೋರಿಸಿದಂತೆ, ನೋಡಲು ಇಷ್ಟು ಭಯಂಕರವಲ್ಲದ ಲಂಗರುಹಿಮ.

2013ರಲ್ಲಿ ಜೂಲಿಯನ್ ಕಾರ್ಟ್‌ರೈಟ್ ಮತ್ತು ಸಹೋದ್ಯೋಗಿಗಳು ಹಿಮನಾಳವನ್ನು ರಾಸಾಯನಿಕ ಉದ್ಯಾನಗಳ ತಲೆಕೆಳಗಾದ ರೂಪವೆಂದು ವಿವರಿಸಿದರು. ಗ್ಲೌಬರ್ ಅವರು 1646ರಲ್ಲಿಯೇ ವರ್ಣಿಸಿದ ಆ ಉದ್ಯಾನಗಳನ್ನು ನಮ್ಮ ಕಾಲೇಜುಗಳ ರಸಾಯನಶಾಲೆಗಳಲ್ಲಿ ನೋಡಿದವರು ಇರಬಹುದು. ಸಿಲಿಕೇಟಿನ ದ್ರಾವಣದಲ್ಲಿ ಲೋಹದ ಲವಣವನ್ನು ಹಾಕಿದರೆ ಬಣ್ಣದ ಪೊಳ್ಳು ಕಾಂಡಗಳು ಮೇಲಕ್ಕೆ ಬೆಳೆಯುತ್ತವೆ. ಅಲ್ಲಿ ಹಗುರವಾದ ದ್ರವ ಮೇಲೇರುತ್ತದೆ, ಇಲ್ಲಿ ಭಾರವಾದುದು ಕೆಳಗಿಳಿಯುತ್ತದೆ; ಎರಡು ದ್ರವಗಳು ತಾಕುವಲ್ಲಿ ಗೋಡೆ ಕಟ್ಟುವುದು ಎರಡರಲ್ಲಿಯೂ ಸಮಾನ. ಸ್ಟಾಲಕ್ಟೈಟ್ ಎಂಬ ಹೆಸರಿಗಿಂತ ಈ ಹೋಲಿಕೆ ವಸ್ತುವಿನ ತಿರುಳಿಗೆ ಹೆಚ್ಚು ಸಮೀಪವಾಗಿದೆ. ಮಂಜಿನೊಳಗಿನ ಇಂಥ ಉಪ್ಪುನೀರಿನ ನಾಳಗಳಿಗೂ ಜೀವದ ಉಗಮಕ್ಕೂ ಸಂಬಂಧವಿದ್ದೀತೆಂದು ಅದೇ ಲೇಖಕರು ಸೂಚಿಸಿದ್ದಾರೆ. ಅದು ಸೂಚನೆ ಮಾತ್ರ, ಸಿದ್ಧಾಂತವಲ್ಲ.

ಹಿಮನಾಳ ದಕ್ಷಿಣಕ್ಕೆ ಮಾತ್ರ ಸೀಮಿತವಾದುದಲ್ಲ. ಉತ್ತರದ ಬ್ಯೂಫರ್ಟ್ ಸಮುದ್ರದಲ್ಲಿ 1992ರಲ್ಲಿ ನಡೆದ ಸಂಶೋಧನೆಯ ಕಾಲದಲ್ಲಿ, ಬಿರುಕಿನಲ್ಲಿ ಹೊಸದಾಗಿ ಕಟ್ಟಿದ ತೆಳುಮಂಜು ಒತ್ತಡಕ್ಕೆ ಸಿಕ್ಕಿ ಮಡಿಸಿ ಮುರಿಯುವಲ್ಲಿ ಅವು ಕಂಡುವೆಂದು ಪೆರೋವಿಚ್ ಮತ್ತು ಸಂಗಡಿಗರು 1995ರಲ್ಲಿ ವರದಿ ಮಾಡಿದರು. ನಿಂತ ಮಂಜಿನಲ್ಲಿ ತಾನಾಗಿ ಇಳಿಯುವ ಉಪ್ಪುನೀರನ್ನು ಅಲ್ಲಿ ಮಂಜಿನ ಅಲುಗಾಟವೇ ಹಿಂಡಿ ಹೊರಹಾಕುತ್ತದೆ. ನಾಳದ ಗೋಡೆಯಾದರೋ ಎಳೆಯದಾಗಿರುವಾಗ ಅತ್ಯಂತ ದುರ್ಬಲವಾದುದು; ನೀರಿನ ಸೆಳೆತ ಸ್ವಲ್ಪ ಹೆಚ್ಚಿದರೂ ಕಳಚಿಹೋಗುತ್ತದೆ. ಕೊರೆಯುವ ಯಂತ್ರದಿಂದ ಮೇಲಕ್ಕೆತ್ತಿದ ಮಂಜಿನ ದಿಂಡಿನಲ್ಲಿ ಉಪ್ಪುನೀರು ಇಳಿದುಬಂದ ಕಾಲುವೆ ಉಳಿದಿರುತ್ತದೆ, ಕೆಳಗೆ ಜೋತಿದ್ದ ನಾಳ ನೀರಿನಲ್ಲಿಯೇ ಮುರಿದು ಬಿದ್ದಿರುತ್ತದೆ. ಮೇಲೆ ನಿಂತು ಕೊರೆದ ಹಿಂದಿನವರ ಕೈಯಲ್ಲಿ ಆ ಕಾಲುವೆಯ ಮೇಲರ್ಧ ಎಷ್ಟೋ ಸ��ಲ ಬಂದಿದ್ದಿರಬೇಕು.